ಎದುರು ತೂಕ

ವಾಲ್ಪರೈಸೋದ ಒಂದು ಗುಡ್ಡದ ನೆತ್ತಿಯಲ್ಲಿ
ಹಲಗೆ ಗೋಡೆಯ ಯಂತ್ರದ ಕೋಣೆ.
ಮೂವತ್ತೊಂದು ವರ್ಷದಿಂದ ಇಲ್ಲಿ ಕೂತು
ಎರಡು ಡಬ್ಬಿಗಳನ್ನು ಹತ್ತಿಸಿ ಇಳಿಸುತ್ತೇನೆ.
ಹಗ್ಗ ಒಂದೇ, ಉಕ್ಕಿನದು. ಒಂದು ಮೇಲೆ ಬಂದರೆ
ಇನ್ನೊಂದು ಕೆಳಗೆ. ಅಷ್ಟೇ ವಿದ್ಯೆ.

ಕೆಳಗಿನ ಗೇಟಿನಲ್ಲಿ ಎದುವಿಹಿಸ್ ಚಿಲ್ಲರೆ ಎಣಿಸಿ
ಗಂಟೆ ಎರಡು ಸಲ ಬಾರಿಸುತ್ತಾಳೆ: ತುಂಬಿತು, ಎಳೆ.
ಇಷ್ಟು ವರ್ಷ ನಾವು ಆಡಿದ ಮಾತಿಗಿಂತ
ಆ ಗಂಟೆ ಆಡಿದ್ದು ಹೆಚ್ಚು.
ಅವಳಿಗೆ ಸಿಟ್ಟು ಬಂದ ದಿನ
ಎರಡನೆಯ ಸದ್ದು ತುಸು ಬೇಗ ಬರುತ್ತದೆ.

ಮೀನಿನ ಬುಟ್ಟಿ, ಶಾಲೆಯ ಚೀಲ, ಗ್ಯಾಸ್ ಸಿಲಿಂಡರು,
ಒಮ್ಮೆ ಮದುವಣಗಿತ್ತಿ,
ಒಮ್ಮೆ ಶವಪೆಟ್ಟಿಗೆ, ಜಾಗವಿಲ್ಲದೆ ನಿಲ್ಲಿಸಿಕೊಂಡೇ.
ಯಾವಾಗಲೂ ಒಂದು ಕಂದು ನಾಯಿ, ಟಿಕೆಟ್ಟಿಲ್ಲದೆ.
ಸಂಬಳ ತಿಂಗಳ ಇಪ್ಪತ್ತೇಳಕ್ಕೆ ಮುಗಿಯುತ್ತದೆ.
ಮಿಕ್ಕ ದಿನಕ್ಕೆ ಡಬರಿಯ ತಳದಲ್ಲಿ ಕಾಳು ಇದ್ದೇ ಇರುತ್ತದೆ.

ತಂಗಿಯ ಮಗ ಬಾಸ್ತಿಯಾನ್, ಇಪ್ಪತ್ತಮೂರು.
ರಾತ್ರಿ ಯಾರದೋ ಊಟ ಬೆನ್ನಿಗೆ ಕಟ್ಟಿ ಸೈಕಲ್ಲು ತುಳಿಯುತ್ತಾನೆ.
ಹಗಲು ಫೋನಿನೊಳಗೊಬ್ಬ ಬಿಳಿ ಹಲ್ಲಿನವನು
ಪಾಠ ಹೇಳುತ್ತಾನೆ: ನಾಲ್ಕಕ್ಕೆ ಏಳು,
ತಣ್ಣೀರು ಸುರಿದುಕೋ, ನೂರರಲ್ಲಿ ಒಬ್ಬನಾಗು.
ಪಾಠಕ್ಕೆ ಮೂರು ಲಕ್ಷ ಪೆಸೊ, ಕಂತಿನಲ್ಲಿ.
ಮನೆಯ ಫ್ರಿಜ್ಜಿನ ಕಂತೇ ಇನ್ನೂ ತೀರಿರಲಿಲ್ಲ.
ಹಾಗಾದರೆ ಮಿಕ್ಕ ತೊಂಬತ್ತೊಂಬತ್ತು ಮಂದಿ
ಎಲ್ಲಿಗೆ ಹೋಗಬೇಕಂತೆ, ಕೇಳಿದೆ.
ಅದು ಮುಂದಿನ ಪಾಠದಲ್ಲಿ ಬರುತ್ತೆ, ಅಂದ.
ನಗಲಿಲ್ಲ.

ನನಗೂ ಗೊತ್ತು ಆ ಚಪಲ. ಹತ್ತೊಂಬತ್ತರಲ್ಲಿ
ಗೋಲ್‌ಕೀಪರ್ ಆಯ್ಕೆಗೆಂದು ಸಾಂತಿಯಾಗೋಗೆ ಹೋಗಿದ್ದೆ.
ಮೂವರು ಬೇಕಿತ್ತು, ನಾನು ನಾಲ್ಕನೆಯವನು.
ವಾಪಸ್ಸು ಬಸ್ಸಿನಲ್ಲಿ ಊರು ಬರುವ ತನಕ
ಕೈಯ ಗ್ಲೌಸು ಕಳಚಲಿಲ್ಲ.
ಈಗಲೂ ಯಾರಾದರೂ ಕಿತ್ತಳೆ ಎಸೆದರೆ
ಕೈ ತಾನಾಗಿ ಮೇಲೇಳುತ್ತದೆ.
ಇದನ್ನು ತೃಪ್ತಿ ಎಂದು ಕರೆಯಲಾರೆ.

ಆದರೂ ಒಂದು ರಾತ್ರಿ, ಹಿರಿಯನೆಂಬ ಸಲುಗೆಯಲ್ಲಿ,
ಹಲ್ಲುಚಕ್ರಕ್ಕೆ ಗ್ರೀಸು ಸವರುತ್ತ ಅಂದುಬಿಟ್ಟೆ:
ಹಾಸಿಗೆ ಇದ್ದಷ್ಟು ಕಾಲು ಚಾಚೋ, ಹುಡುಗಾ.

ಅವನು ಫೋನು ಕೆಳಗಿಟ್ಟ.
‘ಹಾಸಿಗೆ ಎಲ್ಲಿದೆ, ಮಾವ?
ನಿನ್ನ ಕೆಲಸಕ್ಕೇ ಅರ್ಜಿ ಹಾಕೋಕೆ ಹೋಗಿದ್ದೆ, ಮಾರ್ಚಿನಲ್ಲಿ.
ನಿನಗೆ ಹೇಳಲಿಲ್ಲ.
ನೀನು ಬಿಟ್ಟ ಮೇಲೆ ಒಂದು ಗುಂಡಿ ಸಾಕಂತೆ,
ಕೆಳಗೊಂದು ಕಾರ್ಡಿನ ಯಂತ್ರ.
ನಮ್ಮ ಓಣಿಯ ಮನೆಗಳಿಗೆಲ್ಲ ಬಣ್ಣ ಬಳಿದು
ಟೂರಿಸ್ಟುಗಳಿಗೆ ದಿನದ ಲೆಕ್ಕದಲ್ಲಿ ಕೊಡ್ತಾ ಇದಾರೆ.
ನಿನ್ನ ಹಾಗೆ ನಡುವೆ ನಿಲ್ಲೋಣ ಅಂದರೆ
ನಡುವಿನ ಮೆಟ್ಟಿಲನ್ನೇ ಕಿತ್ತಿದಾರೆ.
ನಾನು ಹಾರೋದು ಆಸೆಗಲ್ಲ.’

ಗಾಳಿಗೆ ಮಾಡಿನ ತಗಡು ಕಿರುಗುಟ್ಟಿತು.
ಬಂದರಿನಲ್ಲಿ ಕ್ರೇನು ಕಂಟೇನರುಗಳನ್ನು
ಎತ್ತಿ ಎತ್ತಿ ಇಡುತ್ತಿತ್ತು.
ಉತ್ತರ ಹುಡುಕಿದೆ. ಕೈತುಂಬ ಗ್ರೀಸು.
ಇಷ್ಟು ದಿನ ನನ್ನ ವಿವೇಕ ಎಂದುಕೊಂಡದ್ದರಲ್ಲಿ
ಅರ್ಧ,
ಸರಿಯಾದ ಇಸವಿಯಲ್ಲಿ ಹುಟ್ಟಿದ್ದು.

ಹನ್ನೊಂದಕ್ಕೆ ಕೊನೆಯ ಸರದಿ. ಅವನಿಗೆ ಆರ್ಡರು ಬಂತು.
ಸೈಕಲ್ಲು ಎತ್ತಿಕೊಂಡು ಡಬ್ಬಿಯೊಳಗೆ ನಿಂತ,
ಗದ್ದಕ್ಕೆ ಫೋನಿನ ನೀಲಿ. ಇಳಿಸಿದೆ.
ನಡುದಾರಿಯಲ್ಲಿ ಎರಡೂ ಡಬ್ಬಿ
ಒಂದು ಉಸಿರಿನಷ್ಟು ಹೊತ್ತು ಸಮಸಮ ಬರುತ್ತವೆ,
ಅಲ್ಲಿ ನಿಲ್ಲಿಸಬಾರದೆಂದು ಗೋಡೆಯ ಮೇಲೆ ಬರೆದಿದೆ.
ನಿಲ್ಲಿಸಿದೆ.

ಅವನು ತಲೆ ಎತ್ತಿದ.
ಎದುರಿನ ಖಾಲಿ ಡಬ್ಬಿಯ ಗಾಜಿನಲ್ಲಿ
ಕಂದು ನಾಯಿ ಅವನನ್ನೇ ನೋಡುತ್ತಿತ್ತು.

ಕೆಳಗಿನಿಂದ ಎದುವಿಹಿಸ್
ಗಂಟೆ ಬಾರಿಸಿದಳು, ಒಂದೇ ಸಲ.
ಅದಕ್ಕೆ ಅರ್ಥ ಏನೆಂದು
ನಾವು ಯಾವತ್ತೂ ಗೊತ್ತು ಮಾಡಿಕೊಂಡಿರಲಿಲ್ಲ.