ಹೆಸರಿಲ್ಲದ ರಸೀದಿ

ಬಿಣಗಾ ಘಾಟಿನ ತಿರುವಿನಲ್ಲಿ
ಬೈಕಿನಿಂದ ಬಿದ್ದವನ ತಲೆ
ನನ್ನ ಮಡಿಲಲ್ಲಿದ್ದದ್ದು ಇಪ್ಪತ್ತು ನಿಮಿಷ,
ಅಂಬುಲೆನ್ಸ್ ಬರುವ ತನಕ.
ಬುಟ್ಟಿ ರಸ್ತೆಯಲ್ಲೇ ಉಳಿಯಿತು;
ಕಾಗೆಗಳಿಗೆ ಅವತ್ತು ಹಬ್ಬ.

ಕಾರವಾರದಲ್ಲಿ ಆಗುವುದಿಲ್ಲವಂತೆ,
ಗೋವೆಗೇ ಒಯ್ಯಬೇಕಂತೆ.
ಕಾಳಿ ಸೇತುವೆ ದಾಟುವ ತನಕ
ಉಸಿರು ಹಿಡಿದಿತೋ ಇಲ್ಲವೋ,
ಯಾರನ್ನು ಕೇಳಲಿ?

ಸಂಜೆ ಗುಡಿಯಲ್ಲಿ ಭಟ್ಟರು ಕೇಳಿದರು:
ಹೆಸರು? ನಕ್ಷತ್ರ? ಗೋತ್ರ?
ಗೊತ್ತಿಲ್ಲ, ಒಡೇರೆ.
ನೀಲಿ ಅಂಗಿ.
ಎಡ ಹುಬ್ಬಿನಲ್ಲಿ ಹಳೇ ಹೊಲಿಗೆಯ ಗೆರೆ.
‘ಮಾಯೀ’ ಅಂದ ಒಂದು ಸಲ,
ಯಾವ ಭಾಷೆಯ ತಾಯಿಯೋ.
ಭಟ್ಟರು ಪೆನ್ನು ಕೊಡವಿ,
ಹೆಸರಿನ ಜಾಗ ಖಾಲಿ ಬಿಟ್ಟು,
ಇಪ್ಪತ್ತು ರೂಪಾಯಿ ಅಂತ ಬರೆದರು.

ಬೇಡುವ ರೂಢಿ ತಪ್ಪಿ ಹನ್ನೊಂದು ವರ್ಷ.
ದೋಣಿ ತಿರುಗಿ ಬರಲಿ ಅಂತ
ಒಂದು ರಾತ್ರಿಯೆಲ್ಲ ಬೇಡಿದ್ದೆ.
ಬಂತು. ದೋಣಿ ಮಾತ್ರ.
ಅಂದಿಗೆ ದೇವರಿಗೂ ನನಗೂ ಲೆಕ್ಕ ಚುಕ್ತಾ.
ಈಗ ಗುರುತಿಲ್ಲದವನಿಗಾಗಿ
ಮತ್ತೆ ಖಾತೆ ತೆರೆದು ಕೂತಿದ್ದೇನೆ.

ಸೀರೆಯ ಕಲೆ ಮೂರನೇ ಒಗೆತಕ್ಕೆ ಹೋಯಿತು.
ಸುದ್ದಿ ಬಂದಿಲ್ಲ. ಬರುವುದೂ ಇಲ್ಲ,
ನನ್ನ ಹೆಸರೂ ಅವನಿಗೆ ಗೊತ್ತಿಲ್ಲವಲ್ಲ.
ಆದರೆ ಪೇಟೆಯಲ್ಲಿ ಕೂತು
ಮೀನಿನ ಮೇಲೆ ನೀರು ಚಿಮುಕಿಸುವಾಗ
ಬಾಯಿ ತಾನಾಗಿ ಅನ್ನುತ್ತದೆ:
ಉಸಿರಾಡು, ತಮ್ಮಾ, ಉಸಿರಾಡು.

ಏನಂದೆ? ಅನ್ನುತ್ತಾರೆ ಗಿರಾಕಿಗಳು.
ಏನಿಲ್ಲ. ಬಂಗಡೆ, ನೂರಕ್ಕೆ ಆರು.
ಮನೆಗೆ ಹೋಗಿ ಎಣಿಸಿದರೆ
ಏಳು ಇರುತ್ತವೆ.