ಅತ್ತೆ

ಮಂಗಳವಾರ ಹತ್ತೂವರೆಗೆ ಬಾಗಿಲು ನೂಕಿಕೊಂಡು
ಮೊದಲು ಗಾಳಿ ಬರುತ್ತದೆ, ಗ್ರಿಮ್ಸ್‌ಬಿ ಹಡಗುಕಟ್ಟೆಯ ಉಪ್ಪುಗಾಳಿ,
ಆಮೇಲೆ ಗಾಲಿಚೀಲ,
ಅದರ ಹಿಂದೆ ಮ್ಯಾವಿಸ್ ಕೋಲ್‌ಬೆಕ್, ಎಂಬತ್ತೊಂದು.
'ಅಳಿಸುವಂಥದ್ದು ಏನಾದರೂ ಬಂದಿದೆಯೇನೆ?'
ಸಂತೆಯಲ್ಲಿ ಎಳೆ ಬೆಂಡೆ ಕೇಳಿದ ಹಾಗೆ.

ಇದೆ. ಕಿಟಕಿ ಪಕ್ಕದ ಕಪಾಟು ಪೂರ್ತಿ ಅದೇ.
ಎಲ್ಲದಕ್ಕೂ ಬಿಳಿಚಿದ ರಟ್ಟು, ಎಲ್ಲದರ ಮೇಲೂ ಒಂದು ಮಗು,
ಕಣ್ಣು ಮಾತ್ರ ದೊಡ್ಡದು.
ಬೀಗ ಜಡಿದ ಕೋಣೆ, ಕುಡುಕ ಅಪ್ಪ,
ಅನಾಥಾಲಯದ ತಣ್ಣನೆ ಗಂಜಿ,
ಗಣಿಗೆ ಇಳಿದು ಮೇಲೆ ಬಾರದ ಅಣ್ಣ.
ವರ್ಣಾನುಕ್ರಮದಲ್ಲಿ ನಿಂತಿದೆ ದುಃಖ,
ಮೂರು ವಾರಕ್ಕೆ ಕಡ.

ಇಲ್ಲಿಯವರಿಗೆ ಹೃದಯ ಒಡೆಯುತ್ತದೆ, ಪಿಂಗಾಣಿ ಬಟ್ಟಲಿನ ಹಾಗೆ.
ನಮ್ಮದು ಕರುಳು:
ಹಿಂಡುತ್ತದೆ, ಚುರ್ರೆನ್ನುತ್ತದೆ, ಕಿತ್ತು ಬಾಯಿಗೆ ಬರುತ್ತದೆ.
ಮ್ಯಾವಿಸ್‌ಗೆ ಇದನ್ನು ಹೇಳಹೋಗಿ ಸುಮ್ಮನಾದೆ.
ನಲವತ್ತು ವರ್ಷ ಶೆಡ್ಡಿನಲ್ಲಿ ನಿಂತು ಹ್ಯಾಡಕ್ ಮೀನು ಸೀಳಿದವಳು,
ಕರುಳಿನ ಸಂಗತಿ ಅವಳಿಗೆ ನಾನು ಹೇಳುವುದೆ?

ಅಳಿಸುವುದು ನನ್ನ ಕೆಲಸವೂ ಹೌದು:
ವಾಪಸು ಬಂದ ಪುಸ್ತಕಗಳ ಪೆನ್ಸಿಲ್ ಗುರುತುಗಳನ್ನು.
ಈ ಊರಿನ ಮುದುಕಿಯರು ಗುಟ್ಟಾಗಿ ಒಂದೊಂದು ಇಟ್ಟಿರುತ್ತಾರೆ,
ಓದಿದ್ದನ್ನೇ ಮತ್ತೆ ಒಯ್ಯದಿರಲಿಕ್ಕೆ.
ಒಬ್ಬಳದು ಹನ್ನೊಂದನೇ ಪುಟದಲ್ಲಿ ಚುಕ್ಕೆ,
ಇನ್ನೊಬ್ಬಳದು ಕೊನೆಯಲ್ಲಿ ಸೊಟ್ಟ ನಕ್ಷತ್ರ.
ಮ್ಯಾವಿಸಳದು ಒಂದು ಪುಟಕ್ಕೆ ನಿಲ್ಲುವುದಿಲ್ಲ.
ಎಲ್ಲಿ ಅಳು ಬಂತೋ ಆ ಸಂಖ್ಯೆಗೆ ಸೊನ್ನೆ ಸುತ್ತುತ್ತಾಳೆ.
ನೂರ ಹನ್ನೆರಡು. ಇನ್ನೂರ ನಾಲ್ಕು.
ಒಂದರಲ್ಲಿ ಎಂಟನೇ ಪುಟಕ್ಕೇ.
'ಅದರಲ್ಲಿ ನಾಯಿ ಸಾಯುತ್ತದೆ' ಅಂದಳು, ತುಸು ನಾಚಿ.

ನಿಮ್ಮದೇ ಬರೆಯಬಹುದಲ್ಲ, ಅಂದೆ ಒಮ್ಮೆ.
'ನಂದರಲ್ಲಿ ಏನಿದೆ? ಚಳಿ ಇತ್ತು. ಬೆರಳು ಕೊಯ್ದುಕೊಳ್ಳುತ್ತಿತ್ತು.
ರಾನ್ ಹೋದವನು ಬರಲಿಲ್ಲ, ಹಡಗೂ ಬರಲಿಲ್ಲ.
ಸೋಮವಾರ ಶೆಡ್ಡಿಗೆ ಹೋದೆ.
ನೋಡು, ಅರ್ಧ ಪುಟ ಆಗಲಿಲ್ಲ.'

ಜನವರಿಯ ಒಂದು ಸಂಜೆ, ದೀಪ ಆರಿಸುವ ಹೊತ್ತು,
ನೂರ ಅರವತ್ತೇಳನೇ ಪುಟದ ಸೊನ್ನೆಗೆ ರಬ್ಬರು ಹಿಡಿದವಳು
ಯಾಕೋ ಕೆಳಗಿನ ಸಾಲಿಗೆ ಜಾರಿದೆ.
ಯಾರದೋ ತಾಯಿ, ಮೇಣದ ಬೆಳಕಿನಲ್ಲಿ ಅಂಗಿ ಹೊಲಿಯುತ್ತ
ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ.
ಅಷ್ಟೇ. ಅದೇನು ಅಳುವಂಥದ್ದಲ್ಲ.

ನೀಲವ್ವತ್ತೆ ಹಲ್ಲಿನಿಂದಲೇ ಕಡಿಯುತ್ತಿದ್ದಳು.
ಗದಗಿನ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ. ಅಕ್ಷರ ಬಾರದು.
ಪಂಚಾಂಗ, ಅಂಕಲಿಪಿ, ಯಾವಳದೋ ಗೋಳಿನ ಕಾದಂಬರಿ,
ಎಲ್ಲಕ್ಕೂ ಅದೇ ಸೂಜಿ, ನೂರಕ್ಕೆ ಇಷ್ಟು ಅಂತ ಕೂಲಿ.
'ಇದರಾಗ ಏನೈತಿ, ಓದವ್ವಾ' ಅನ್ನುವಳು.
ನಾಲ್ಕು ಸಾಲು ಓದುವಷ್ಟರಲ್ಲಿ
'ಸಾಕ್ ಬಿಡು, ಆಕೀದೂ ನಮ್ಮಂಗ ಐತಿ'
ಅಂದು ಮುಂದಿನ ಫಾರ್ಮಿಗೆ ಸೂಜಿ ಚುಚ್ಚುವಳು.
ನನ್ನ ಫೀಜು, ನನ್ನ ಚಪ್ಪಲಿ, ಊರು ದಾಟಿದ ನನ್ನ ಮೊದಲ ಟಿಕೀಟು,
ಎಲ್ಲ ಆ ದಾರದ್ದೇ.

ಅವಳು ಹೋದಳೆಂದು ಫೋನು ಬಂದಾಗ
ಫ್ರೀಮನ್ ಸ್ಟ್ರೀಟಿನಲ್ಲಿ ಬಸ್ಸಿಗೆ ನಿಂತಿದ್ದೆ.
ಹೌದಾ, ಅಂದೆ. ಯಾವಾಗ, ಅಂದೆ.
ಬಸ್ಸು ಬಂತು. ಹತ್ತಿದೆ. ಚಿಲ್ಲರೆ ಎಣಿಸಿ ಕೊಟ್ಟೆ.
ಎರಡು ವರ್ಷ ಕಣ್ಣು ಬೇಸಿಗೆಯ ಹಲಗೆಯ ಹಾಗೆ ಒಣಗಿಯೇ ಇತ್ತು.

ರಬ್ಬರು ಕೆಳಗಿಟ್ಟೆ.
ಏಣಿಮೆಟ್ಟಿಲ ಮೇಲೆ ಕೂತು, ಕೋಟಿನ ತೋಳಲ್ಲಿ ಮುಖ ಒರೆಸಿ,
ಮ್ಯಾವಿಸಳ ಸೊನ್ನೆಯ ಪಕ್ಕ
ನೌಕರಿಯ ನಿಯಮ ಮುರಿದು
ಸಣ್ಣಗೆ ಬರೆದೆ: ಅತ್ತೆ.

ಮರೆತೋ, ಬೇಕೆಂತಲೋ, ನವೆಂಬರಿನಲ್ಲಿ
ಮತ್ತದನ್ನೇ ತಂದು ಮೇಜಿನ ಮೇಲಿಟ್ಟಳು, ಪುಟ ಬಿಡಿಸಿ.
'ನನ್ನ ಸೊನ್ನೆಗೆ ಈ ಕೊಕ್ಕೆ ಹಾಕಿದ್ದು ಯಾರು?'
ನಾನೇ.
'ಏನಂತ?'
ಅಳು ಬಂತು ಅಂತ. ನಮ್ಮಲ್ಲಿ ಅಪ್ಪನ ಅಕ್ಕನಿಗೂ ಇದೇ ಮಾತು.
ಕನ್ನಡಕ ಏರಿಸಿದಳು. ಬೆರಳ ತುದಿಯಿಂದ, ಮುಳ್ಳಿದೆಯೇ ಎಂದು ಮೀನು ತಡವುವ ಹಾಗೆ,
ಆ ಎರಡಕ್ಷರ ತಡವಿದಳು.
'ಎರಡರಲ್ಲಿ ಇದು ಯಾವುದು?'

ಹಿಂದೆ ಸಾಲಿನಲ್ಲಿ ಇನ್ನಿಬ್ಬರಿದ್ದರು.
ಡಿಸೆಂಬರ್ ಒಂಬತ್ತರೊಳಗೆ, ಅಂದೆ,
ಚೀಟಿಗೆ ಮುದ್ರೆ ಒತ್ತುತ್ತ.