ಲಾಳಿ ಓಡೋ ದಾರಿ

ಗಿರಣಿ ಮುಚ್ಚಿ ಇಪ್ಪತ್ತ ವರ್ಷಾತು,
ಆ ಜಾಗಾದಾಗ ಈಗ ಮಂಗಲ ಕಾರ್ಯಾಲಯ.
ಸೊಲ್ಲಾಪುರದಾಗ ಭೋಂಗಾ ಯಾರಿಗೂ ಕೇಳೂದಿಲ್ಲ.
ಸಂಜಿ ನಾಕಕ್ಕ ಇವರ ಮೈಯಾಗ ಊದತೈತಿ.
ಅಂಗಿ ಹುಡಕತಾರ, ಬುತ್ತಿ ಡಬ್ಬಿ ಹುಡಕತಾರ,
ಬಾಗಲದಾಗ ನಾ ಅಡ್ಡ ನಿಂತ್ನೆಂದ್ರ
"ಪಾಳಿ ತಪ್ಪಸ್ತೀಯೇನ, ಯಾರಲೇ ನೀ?"

ಲಾಳಿ ಓಡೋ ದಾರ್ಯಾಗ ನಿಂದ್ರಬ್ಯಾಡ,
ತಪ್ಪಿ ಹಾರಿದ್ರ ಕಣ್ಣ ಹೋಗತೈತಿ ಅಂತ
ಮಗ್ಗ ತೋರಿಸಾಕ ಕರಕೊಂಡ ಹೋದಾಗ
ಇವರ ಕಲಿಸಿದ ಮಾತು.
ಈಗ ಹಂಗ ನಿಂದರತೀನಿ,
ಓರಿಗೆ, ಒಂದ ಮಾರು ದೂರ, ದನಿ ಇಳಿಸಿ.
ಇಲ್ಲ ಅನಬ್ಯಾಡ್ರಿ ಅಂದಾರ ಸಿವಿಲ್ ದವಾಖಾನಿ ಮೇಡಮ್ಮು.
"ಇವತ್ತ ಸೂಟಿರಿ, ಮಾಲಕರ ತಾಯಿ ತೀರಕೊಂಡಾರ" ಅಂತೀನಿ.
ಎಷ್ಟ ಸಲ ಕೊಂದೀನೋ ಆ ಮುದುಕೀನ್ನ!

ಈಳಿಗಿ ಹಾಸಿಗಿ ಸುರಳ್ಯಾಗ.
ಕನ್ನಡಿ ಮ್ಯಾಲ ನವಿಲಿನ ಚಾದರ, ಇವರ ನೇಯ್ದದ್ದು.
ಒಳಗೊಬ್ಬ ಮುದುಕ ನಿಂತು ದುರುಗುಡತಾನಂತ,
ಅಂವನ ಮ್ಯಾಲ ಏರಿ ಹೋಗತಿದ್ರು.
ತಂಬಿಗಿ ಒಂದ ಮರತಿದ್ದೆ.
ಸೋಮವಾರ ಬಂದು ಹುಬ್ಬಿಗೆ ಬಡೀತು.

"ಜಡ್ಡವ್ವಾ, ಅವರ ಕೈಯಾಗೇನೈತಿ" ಅಂದ್ಳು ಲಗಮವ್ವ.
ಹೌದು.
ಚೀಟ್ಯಾಗ ಉದ್ದಂದೊಂದ ಹೆಸರ ಬರದಾರ.
ಎಪ್ಪತ್ತೆಂಟರಾಗ, ಪಗಾರದ ದಿನ,
ಸುರೇಖಾ ಹೊಟ್ಟ್ಯಾಗಿದ್ಳು,
ಪಟ್ಟಾ ಬಿಚ್ಚಿದ್ರಲ್ಲ,
ಅದಕ್ಕ ಯಾವ ದಾಕ್ತರನೂ ಚೀಟಿ ಬರೀಲಿಲ್ಲ.
ಲಗಮವ್ವನ ಅತ್ತಿ ಆವಾಗ ಕಿಡಕಿ ಮುಚ್ಚಿಕೊಂಡ್ಳು.

ದೀಪ ಹಚ್ಚೂ ಹೊತ್ತಿಗೆ ತಣ್ಣಗಾಗತಾರ.
ಮೊನ್ನೆ ರೊಟ್ಟಿ ಮುರದ ಕೊಡಾಕ ಬಗ್ಗಿದೆ,
ಬಾವು ಕಂಡಿತು.
"ಯಾರ ಹೊಡದಾರ?" ಅಂದ್ರು.
ಅಂಥಾ ಸಣ್ಣ ದನಿ ಈ ಬಾಯಾಗ ಎಲ್ಲಿತ್ತು?
"ಯಾಂವ ಅಂವಾ, ಹೆಸರ ಹೇಳು,
ಹೆಂಗಸಿನ ಮ್ಯಾಲ ಕೈ ಮಾಡಾಂವ?"
ಕಣ್ಣಾಗ ನೀರು. ಎದ್ದ ಹೋಗಿ
ಅರಿಷಿಣ ಹಚ್ಚತೀನಿ ತಡಿ ಅಂತ
ಖಾರದ ಡಬ್ಬಿ ಹಿಡಕೊಂಡ ಬಂದ್ರು.

ಲಗ್ನಾಗಿ ಐವತ್ತ ವರ್ಷ.
ತವರಿನವರು ಕೇಳಿದ್ದಿಲ್ಲ, ಮಕ್ಕಳು ಕೇಳಿದ್ದಿಲ್ಲ.
ಕೇಳಿದ್ರ ಹೇಳಾಕ ಅಂತ ಇಟಕೊಂಡ ಮಾತು
ಎಲ್ಲಿಟ್ಟೆನೋ, ನನಗೂ ಸಿಗವಲ್ತು.

"ಗಿರಣ್ಯಾಗಿನಾಂವ ಒಬ್ಬ" ಅಂದೆ.
"ಬಿಡೂದಿಲ್ಲ ಅಂವನ್ನ," ನನ್ನ ಬೆರಳ ಹಿಡದ ಅಂದ್ರು,
"ನಾಳೆ ಪಾಳಿಗೆ ಹೋಗತೀನಲ್ಲ, ನೋಡಕೋತೀನಿ."

ಹೂಂ ಅಂದೆ.
ಡಬ್ಬಿ ಇಸಗೊಂಡು
ಮ್ಯಾಲಿನ ಮಾಡದಾಗ ಇಟ್ಟೆ,
ಅವರಿಗೆ ನಿಲುಕಧಂಗ.